ಬೋಟಿನ ಡೀಸೆಲ್ ಜನರೇಟರ್: ನೀರು ಒಳಗೆ ಬರುವ ದಾರಿಗಳು, ಅವನ್ನು ತಡೆಯುವ ಕ್ರಮ

ಮದುವೆ ಹಾಲಿನ ಹಿಂದೆ ನಿಲ್ಲಿಸಿದ ಜನರೇಟರ್ ಮತ್ತು ಬೋಟಿನ ಇಂಜಿನ್ ರೂಮಿನಲ್ಲಿ ಕೂತ ಜನರೇಟರ್, ಎರಡರಲ್ಲೂ ಇಂಜಿನ್ ಹೆಚ್ಚು ಕಡಿಮೆ ಒಂದೇ. ಅದೇ ಎರಡು ಮೂರು ಸಿಲಿಂಡರ್, ಅದೇ ಪಂಪು, ಸಿಲಿಂಡರ್ ಒಳಗೆ ಡೀಸೆಲ್ ಚಿಮುಕಿಸುವ ಅದೇ ನಾಝಲ್. ಆದರೂ ಹಾಲಿನ ಹಿಂದಿನದು ವರ್ಷಗಟ್ಟಲೆ ಗೊಣಗದೆ ಓಡುತ್ತದೆ, ಬೋಟಿನದ್ದು ಮೂರನೇ ಸೀಸನ್‌ಗೆ ಹೆಡ್ ಬಿಚ್ಚಿಸಿಕೊಳ್ಳುತ್ತದೆ. ಕಾರಣ ಹುಡುಕಿಕೊಂಡು ಹೋದರೆ ಹತ್ತರಲ್ಲಿ ಒಂಬತ್ತು ಸಲ ಸಿಗುವುದು ನೀರು. ಕೂಲಿಂಗ್‌ಗೆ ಎಳೆಯುವ ಸಮುದ್ರದ ನೀರು, ಡೀಸೆಲ್ ಒಳಗೆ ಸೇರಿದ ನೀರು, ಗಾಳಿಯಲ್ಲಿ ತೇಲಿ ಬಂದು ವೈಂಡಿಂಗ್ (ಕರೆಂಟ್ ಹುಟ್ಟುವ ತಂತಿಯ ಸುರುಳಿ) ಮೇಲೆ ಕೂರುವ ಉಪ್ಪು. ಈ ಮೂರು ದಾರಿ ನೋಡಿಕೊಂಡರೆ ಉಳಿದದ್ದು ಆಯಿಲ್ ಬದಲಿಸುವ ಕೆಲಸ ಅಷ್ಟೇ.

ನಮ್ಮ ಕಡೆ, ಅಂದರೆ ಮಂಗಳೂರು, ಮಲ್ಪೆ, ಗಂಗೊಳ್ಳಿ, ಕಾರವಾರದಲ್ಲಿ ಎಲ್ಲ ಬೋಟಿನಲ್ಲೂ ಬೇರೆ ಜನರೇಟರ್ ಇರುವುದಿಲ್ಲ. ಮೇನ್ ಇಂಜಿನ್‌ಗೆ ಬೆಲ್ಟ್ ಹಾಕಿ ಆಲ್ಟರ್ನೇಟರ್ ತಿರುಗಿಸಿ ಬ್ಯಾಟರಿ, ಲೈಟು ನಡೆಸುವವರೇ ಜಾಸ್ತಿ. ಪ್ರತ್ಯೇಕವಾಗಿ 5 ಕೆವಿಎಯಿಂದ 20 ಕೆವಿಎವರೆಗಿನ ಸೆಟ್ ಕೂರಿಸಿಕೊಂಡವರಿಗೆ ಈ ಬರಹ. ಹೌಸ್‌ಬೋಟ್ ಇಟ್ಟವರಿಗೂ ಬಹುಪಾಲು ಅನ್ವಯಿಸುತ್ತದೆ. ನಿಮ್ಮ ಇಂಜಿನ್‌ನ ಮ್ಯಾನ್ಯುಅಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ನಂಬಿ, ನನ್ನದನ್ನಲ್ಲ.

ಮೊದಲು ಕೂಲಿಂಗ್ ನೀರು

ಬೋಟಿನ ಜನರೇಟರ್‌ನಲ್ಲಿ ಸಾಮಾನ್ಯವಾಗಿ ಎರಡು ನೀರಿನ ಸುತ್ತು ಇರುತ್ತವೆ. ಒಳಗಿನ ಸುತ್ತಿನಲ್ಲಿ ಕೂಲೆಂಟ್. ಹೊರಗಿನ ಸುತ್ತಿನಲ್ಲಿ ಸಮುದ್ರದ ನೀರು: ಬೋಟಿನ ತಳದ ಸೀ ಕಾಕ್‌ನಿಂದ (ಸಮುದ್ರದ ನೀರು ಬಿಡುವ, ಬಂದ್ ಮಾಡುವ ವಾಲ್ವ್) ಒಳಗೆ ಬಂದು, ಕಸ ತಡೆಯುವ ಸ್ಟ್ರೇನರ್ ದಾಟಿ, ರಬ್ಬರ್ ಇಂಪೆಲ್ಲರ್ (ರೆಕ್ಕೆಗಳಿರುವ ಚಕ್ರ) ಇರುವ ಪಂಪಿಗೆ ಹೋಗಿ, ಅಲ್ಲಿಂದ ಹೀಟ್ ಎಕ್ಸ್‌ಚೇಂಜರ್ ಒಳಗೆ ಕೂಲೆಂಟಿನ ಬಿಸಿ ಹೊತ್ತುಕೊಂಡು, ಕೊನೆಗೆ ಎಕ್ಸಾಸ್ಟ್ ಎಲ್ಬೋದಲ್ಲಿ, ಅಂದರೆ ಹೊಗೆಯ ಬಾಗಿದ ಪೈಪಿನಲ್ಲಿ, ಹೊಗೆಯ ಜೊತೆ ಬೆರೆತು ಹೊರಗೆ ಬೀಳುತ್ತದೆ. ಒಳಗಿನ ಸುತ್ತೇ ಇಲ್ಲದೆ ನೇರ ಸಮುದ್ರದ ನೀರಿನಲ್ಲೇ ಓಡುವ ಹಳೇ ಸೆಟ್‌ಗಳೂ ಇವೆ. ಅವನ್ನು 60 ಡಿಗ್ರಿ ಸುತ್ತಮುತ್ತ ತಣ್ಣಗೇ ಓಡಿಸಬೇಕು. ಅದಕ್ಕಿಂತ ಬಿಸಿಯಾದರೆ ಹಂಡೆಯ ತಳದಲ್ಲಿ ಸುಣ್ಣ ಕಟ್ಟುವ ಹಾಗೆ ಒಳಗೆ ಉಪ್ಪು ಕಟ್ಟುತ್ತಾ ಬರುತ್ತದೆ. ಅಂಥ ಸೆಟ್‌ಗೆ ಬಿಸಿ ಇಂಜಿನ್‌ನ ಥರ್ಮೋಸ್ಟಾಟ್ ತಂದು ಹಾಕಿಬಿಡಬೇಡಿ.

ಸ್ಟಾರ್ಟ್ ಮಾಡಿದ ಕೂಡಲೇ ಮೀಟರ್ ನೋಡಲು ಹೋಗಬೇಡಿ. ಮೇಲೆ ಬಂದು ಬೋಟಿನ ಪಕ್ಕ ಬಗ್ಗಿ ನೋಡಿ. ಎಕ್ಸಾಸ್ಟ್‌ನಲ್ಲಿ ಹೊಗೆಯ ಜೊತೆ ನೀರು ಚಿಮ್ಮಿ ಚಿಮ್ಮಿ ಬರುತ್ತಿದೆಯಾ? ಅರ್ಧ ನಿಮಿಷದಲ್ಲಿ ಬರದಿದ್ದರೆ ನಿಲ್ಲಿಸಿಬಿಡಿ. ಇಂಪೆಲ್ಲರ್‌ಗೆ ನೀರೇ ಗ್ರೀಸ್. ನೀರಿಲ್ಲದೆ ತಿರುಗಿದರೆ ರಬ್ಬರ್ ಸುಟ್ಟು ರೆಕ್ಕೆ ಮುರಿಯಲು ಹೆಚ್ಚು ಹೊತ್ತು ಬೇಡ. ದಿನಾ ಈ ನೀರು ನೋಡುತ್ತಿದ್ದವರಿಗೆ ಇವತ್ತು ಕಮ್ಮಿ ಇದೆ ಅನ್ನುವುದು ಕಣ್ಣಿಗೇ ಗೊತ್ತಾಗುತ್ತದೆ. ಟೆಂಪರೇಚರ್ ಮುಳ್ಳು ಅದನ್ನು ಹೇಳುವುದು ತುಂಬಾ ತಡವಾಗಿ.

ನೀರು ಕಮ್ಮಿಯಾದರೆ ಮೊದಲ ಅನುಮಾನ ಸ್ಟ್ರೇನರ್ ಮೇಲೆ. ಪ್ಲಾಸ್ಟಿಕ್ ಚೀಲ, ಬಲೆಯ ತುಂಡು, ಕೆಲವು ತಿಂಗಳಲ್ಲಿ ಜೆಲ್ಲಿ ಮೀನಿನ ಲೋಳೆ. ಬಂದರಿನ ಒಳಗೆ ನಿಂತಾಗ ಕೊಳೆ ಜಾಸ್ತಿ, ಹಾಗಾಗಿ ದಕ್ಕೆಯಲ್ಲಿ ಓಡಿಸಿದ್ದರೆ ಹೊರಡುವ ಮೊದಲು ಒಮ್ಮೆ ಬಿಚ್ಚಿ ತೊಳೆಯಿರಿ. ಮುಚ್ಚಳ ವಾಪಸ್ ಹಾಕುವಾಗ ಓ-ರಿಂಗ್ ಸರಿಯಾಗಿ ಕೂರದಿದ್ದರೆ ಪಂಪು ನೀರಿನ ಬದಲು ಗಾಳಿ ಎಳೆಯುತ್ತದೆ, ಆಗ ಮತ್ತೆ ಅದೇ ತೊಂದರೆ.

ಸ್ಟ್ರೇನರ್ ಸ್ವಚ್ಛವಾಗಿದ್ದರೆ ಇಂಪೆಲ್ಲರ್. ಸೀ ಕಾಕ್ ಬಂದ್ ಮಾಡಿ, ಪಂಪಿನ ಮುಂದಿನ ಪ್ಲೇಟಿನ ಸ್ಕ್ರೂ ತೆಗೆಯಿರಿ. ಕೆಳಗೆ ಒಂದು ಬಟ್ಟೆ ಹಾಸಿಕೊಳ್ಳಿ, ಆ ಸ್ಕ್ರೂ ಬಿಲ್ಜ್‌ಗೆ, ಅಂದರೆ ಬೋಟಿನ ಒಳತಳಕ್ಕೆ ಬಿದ್ದರೆ ಸಿಗುವುದಿಲ್ಲ. ಇಂಪೆಲ್ಲರ್ ಹೊರಗೆ ಎಳೆದು ಪ್ರತಿ ರೆಕ್ಕೆಯನ್ನೂ ಬೆರಳಲ್ಲಿ ಹಿಂದಕ್ಕೆ ಬಗ್ಗಿಸಿ ಬುಡ ನೋಡಿ. ಬಿರುಕು ಬಿಡುವುದು ಅಲ್ಲೇ, ಸುಮ್ನೆ ಮೇಲಿಂದ ನೋಡಿದರೆ ಕಾಣುವುದಿಲ್ಲ. ಒಂದು ರೆಕ್ಕೆ ಮುರಿದು ಹೋಗಿದ್ದರೆ ಹೊಸ ಇಂಪೆಲ್ಲರ್ ಹಾಕಿ ಮುಗಿಸುವ ಹಾಗಿಲ್ಲ. ಆ ತುಂಡು ಎಲ್ಲಿ ಹೋಯಿತು? ಪಂಪಿನಿಂದ ಮುಂದಿನ ಹೋಸ್ ಬಿಚ್ಚಿ, ಹೀಟ್ ಎಕ್ಸ್‌ಚೇಂಜರ್‌ನ ಬಾಯಿಯಲ್ಲಿ ಹುಡುಕಿ. ಬಹುತೇಕ ಅಲ್ಲೇ ಟ್ಯೂಬುಗಳಿಗೆ ಅಡ್ಡ ಮಲಗಿರುತ್ತದೆ. ತುಂಡುಗಳನ್ನು ಹಳೇ ಇಂಪೆಲ್ಲರ್‌ಗೆ ಜೋಡಿಸಿ ನೋಡಿ, ಲೆಕ್ಕ ಸರಿಯಾಗುವವರೆಗೆ ಹುಡುಕಿ.

ಹೊಸದನ್ನು ಕೂರಿಸುವಾಗ ಸೋಪಿನ ನೀರು ಅಥವಾ ಗ್ಲಿಸರಿನ್ ಸವರಿ. ಇಂಜಿನ್ ಆಯಿಲ್, ಸಾದಾ ಗ್ರೀಸ್ ಬೇಡ, ಕೆಲವು ರಬ್ಬರ್ ಅದಕ್ಕೆ ಉಬ್ಬುತ್ತವೆ. ಪಂಪು ತಿರುಗುವ ದಿಕ್ಕಿಗೆ ರೆಕ್ಕೆಗಳು ಹಿಂದಕ್ಕೆ ಬಾಗುವ ಹಾಗೆ ತಿರುಗಿಸುತ್ತಾ ಒಳಗೆ ತಳ್ಳಿ. ಹಳೇ ಪೇಪರ್ ಗಾಸ್ಕೆಟ್ ಪೂರ್ತಿ ಕೆರೆದು ತೆಗೆದು ಹೊಸದು ಹಾಕಿ. ಅಗ್ಗದ ಡೂಪ್ಲಿಕೇಟ್ ಇಂಪೆಲ್ಲರ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಉಳಿಯುವುದು ಕೆಲವು ನೂರು ರೂಪಾಯಿ, ಹೋದರೆ ಹೋಗುವುದು ಹೆಡ್ ಗಾಸ್ಕೆಟ್. ಸೀಸನ್‌ಗೆ ಒಂದು ಸಲ, ಚೆನ್ನಾಗಿ ಕಂಡರೂ ಬದಲಿಸಿ.

ಅದೇ ಪಂಪಿನ ಕೆಳಗೆ, ನೀರಿನ ಸೀಲ್ ಮತ್ತು ಆಯಿಲ್ ಸೀಲ್ ನಡುವೆ, ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ನೀರು ತೊಟ್ಟಿಕ್ಕಿದರೆ ನೀರಿನ ಸೀಲ್ ಹೋಗಿದೆ, ಆಯಿಲ್ ತೊಟ್ಟಿಕ್ಕಿದರೆ ಆಯಿಲ್ ಸೀಲ್ ಹೋಗಿದೆ. ಕೆಲವರು ಸೋರುತ್ತದೆ ಅಂತ ಆ ತೂತಿಗೇ ಎಂ-ಸೀಲ್ ಮೆತ್ತುತ್ತಾರೆ. ದಯವಿಟ್ಟು ಮಾಡಬೇಡಿ. ಸಮುದ್ರದ ನೀರು ಹೊರಗೆ ಬೀಳಲಿ ಅಂತಲೇ ಆ ತೂತು ಇಟ್ಟಿರುವುದು. ಮುಚ್ಚಿದರೆ ಗೇರ್‌ನಲ್ಲಿ ತಿರುಗುವ ಪಂಪಿನಲ್ಲಿ ಆ ನೀರು ಮುಂದೆ ಹೋಗುವ ಜಾಗ ಇಂಜಿನ್‌ನ ಆಯಿಲ್.

ಎಕ್ಸ್‌ಚೇಂಜರ್‌ನಲ್ಲಿ ಪೆನ್ಸಿಲ್‌ನಷ್ಟು ದಪ್ಪದ ಸತುವಿನ ಕಡ್ಡಿ ಇರುತ್ತದೆ, ಅಂಗಡಿಯಲ್ಲಿ ಜಿಂಕ್ ಅಂತಲೇ ಕೇಳಿ. ಉಪ್ಪು ನೀರು ತಾಮ್ರವನ್ನು ತಿನ್ನುವ ಬದಲು ಇದನ್ನು ತಿನ್ನಲಿ ಅಂತ ಹಾಕುವುದು. ತಿಂಗಳಿಗೊಮ್ಮೆ ಬಿಚ್ಚಿ ನೋಡಿ, ಅರ್ಧ ಸವೆದರೆ ಬದಲಿಸಿ. ಎಷ್ಟು ತಿಂಗಳಾದರೂ ಸವೆಯದೆ ಹೊಸದರಂತೆ ಇದ್ದರೆ ಖುಷಿ ಪಡಬೇಡಿ, ಅದು ಕೆಲಸವೇ ಮಾಡುತ್ತಿಲ್ಲ. ಸಾಮಾನ್ಯ ಕಾರಣ ಥ್ರೆಡ್‌ಗೆ ಸುತ್ತಿದ ಟೆಫ್ಲಾನ್ ಟೇಪ್. ಲೋಹಕ್ಕೆ ಲೋಹ ತಾಗಬೇಕು.

ಕೂಲೆಂಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಿಸ್ಟಿಲ್ಡ್ ವಾಟರ್ ಸೇರಿಸಿ ಹಾಕಿ, ಬೋರ್‌ವೆಲ್ ನೀರು ಬೇಡ, ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ.

ಎಕ್ಸಾಸ್ಟ್ ದಾರಿಯಲ್ಲಿ ಬರುವ ನೀರು

ತುಂಬಾ ಜನಕ್ಕೆ ಗೊತ್ತಿಲ್ಲದ, ಆದರೆ ಒಳ್ಳೆ ಇಂಜಿನ್‌ಗಳನ್ನು ಕೊಂದಿರುವ ವಿಷಯ ಇದು. ಜನರೇಟರ್ ಸ್ಟಾರ್ಟ್ ಆಗುತ್ತಿಲ್ಲ, ನೀವು ಸೆಲ್ಫ್ ಹೊಡೆಯುತ್ತಲೇ ಇದ್ದೀರಿ. ಇಂಜಿನ್ ತಿರುಗುತ್ತಿರುವುದರಿಂದ ಸಮುದ್ರದ ನೀರಿನ ಪಂಪೂ ತಿರುಗುತ್ತಿದೆ, ನೀರು ಎಕ್ಸಾಸ್ಟ್‌ಗೆ ಹೋಗಿ ಬೀಳುತ್ತಿದೆ. ಆದರೆ ಅದನ್ನು ಹೊರಗೆ ದೂಡಲು ಹೊಗೆಯ ಒತ್ತಡ ಇಲ್ಲ. ಸೈಲೆನ್ಸರ್ ತುಂಬುತ್ತದೆ, ಆಮೇಲೆ ನೀರು ಹಿಂದಕ್ಕೆ ಏರಿ ತೆರೆದ ಎಕ್ಸಾಸ್ಟ್ ವಾಲ್ವ್ ಮೂಲಕ ಸಿಲಿಂಡರ್‌ಗೆ ಇಳಿಯುತ್ತದೆ.

ಹಾಗಾಗಿ ಒಂದೆರಡು ಸಲಕ್ಕೆ ಸ್ಟಾರ್ಟ್ ಆಗದಿದ್ದರೆ ಸೀ ಕಾಕ್ ಬಂದ್ ಮಾಡಿ, ಆಮೇಲೆ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ 10 ಸೆಕೆಂಡ್ ಸಾಕು, ನಡುವೆ ಅರ್ಧ ನಿಮಿಷವಾದರೂ ಬಿಡಿ, ಸ್ಟಾರ್ಟರ್ ಮೋಟರ್‌ಗೂ ಅದು ಬೇಕು. ಸೈಲೆನ್ಸರ್‌ನ ತಳದಲ್ಲಿ ಡ್ರೈನ್ ಪ್ಲಗ್ ಇದ್ದರೆ ನೀರು ತೆಗೆಯಿರಿ. ಇಂಜಿನ್ ಹಿಡಿದ ತಕ್ಷಣ ಸೀ ಕಾಕ್ ತೆರೆಯಿರಿ. ಇದು ಇಬ್ಬರ ಕೆಲಸ. ಒಬ್ಬ ಕೀ ಹತ್ತಿರ, ಒಬ್ಬ ಕಾಕ್ ಹತ್ತಿರ ಇದ್ದರೆ ಮರೆಯುವುದಿಲ್ಲ.

ಇಂಜಿನ್ ನಿಂತಿದ್ದಾಗಲೂ ನೀರು ಬರಬಹುದು. ಜನರೇಟರ್ ಸಮುದ್ರದ ನೀರಿನ ಮಟ್ಟಕ್ಕಿಂತ ಕೆಳಗೆ ಕೂತಿದ್ದರೆ, ಒಮ್ಮೆ ಹರಿಯಲು ಶುರುವಾದ ನೀರು ಪಂಪು ನಿಂತ ಮೇಲೂ ತನ್ನಷ್ಟಕ್ಕೆ ಎಳೆದುಕೊಂಡು ಬಂದು ಎಕ್ಸಾಸ್ಟ್ ತುಂಬಿಸುತ್ತದೆ. ಇದನ್ನು ತಡೆಯಲು ಎಲ್ಬೋಗೆ ಹೋಗುವ ಹೋಸನ್ನು ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಒಯ್ದು, ತುದಿಯಲ್ಲಿ ಗಾಳಿ ಬಿಡುವ ಸಣ್ಣ ವಾಲ್ವ್ ಇಟ್ಟಿರುತ್ತಾರೆ, ಆಂಟಿ ಸೈಫನ್ ವಾಲ್ವ್ ಅಂತ. ಅದರ ಬಾಯಿಗೆ ಉಪ್ಪು ಕಟ್ಟಿ ಅಂಟಿಕೊಳ್ಳುತ್ತದೆ. ಬಿಚ್ಚಿ ಬಿಸಿ ಸಿಹಿನೀರಿನಲ್ಲಿ ತೊಳೆದು ಊದಿ ನೋಡಿ: ಒಂದು ಕಡೆಯಿಂದ ಗಾಳಿ ಹೋಗಬೇಕು, ಇನ್ನೊಂದು ಕಡೆಯಿಂದ ಹೋಗಬಾರದು. ಬೋಟಿಗೆ ಆ ವಾಲ್ವ್ ಹಾಕಿಯೇ ಇಲ್ಲವಾದರೆ ಜನರೇಟರ್ ನಿಲ್ಲಿಸಿದ ಮೇಲೆ ಸೀ ಕಾಕ್ ಬಂದ್ ಮಾಡುವ ಅಭ್ಯಾಸ ಇಟ್ಟುಕೊಳ್ಳಿ.

ನೀರು ಹೊಕ್ಕಿದ್ದು ಹೇಗೆ ಗೊತ್ತಾಗುತ್ತದೆ? ಸೆಲ್ಫ್ ಹೊಡೆದರೆ ಟಕ್ ಅಂತ ಒಂದು ಸದ್ದು, ಇಂಜಿನ್ ಅಲ್ಲಾಡುವುದಿಲ್ಲ. ಬ್ಯಾಟರಿ ವೀಕ್ ಅಂತ ಇನ್ನೊಂದು ಬ್ಯಾಟರಿ ಜಂಪ್ ಮಾಡಲು ಹೋಗಬೇಡಿ, ನೀರು ಒತ್ತಲು ಬರುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸೀ ಕಾಕ್ ಬಂದ್ ಮಾಡಿ, ನಾಝಲ್‌ಗಳನ್ನು ಬಿಚ್ಚಿ, ಕೈಯಿಂದ ಇಂಜಿನ್ ತಿರುಗಿಸಿ ನೀರು ಹೊರಗೆ ಹಾಕಿ. ಆಮೇಲೆ ಸಿಲಿಂಡರ್‌ಗೆ ಸ್ವಲ್ಪ ಆಯಿಲ್ ಬಿಟ್ಟು, ಇಂಜಿನ್ ಆಯಿಲ್ ಬದಲಿಸಿ, ಸ್ಟಾರ್ಟ್ ಮಾಡಿ ಸ್ವಲ್ಪ ಓಡಿಸಿ, ಮತ್ತೆ ಆಯಿಲ್ ಬದಲಿಸಿ. ಆಯಿಲ್ ಬೆಳ್ಳಗಾಗುವುದು ನಿಲ್ಲುವವರೆಗೆ ಹೀಗೇ. ಎಲ್ಲವೂ ಅದೇ ದಿನ ಆಗಬೇಕು. ನಾಳೆ ಮೆಕ್ಯಾನಿಕ್ ಬರಲಿ ಅಂತ ಬಿಟ್ಟರೆ ರಾತ್ರಿಯೊಳಗೆ ಲೈನರ್‌ನಲ್ಲಿ (ಸಿಲಿಂಡರಿನ ಒಳಗೋಡೆ) ತುಕ್ಕು ಶುರುವಾಗಿರುತ್ತದೆ.

ಎಕ್ಸಾಸ್ಟ್ ಎಲ್ಬೋವನ್ನು ವರ್ಷಕ್ಕೊಮ್ಮೆ ಬಿಚ್ಚಿಸಿ ಒಳಗೆ ಟಾರ್ಚ್ ಹಾಕಿ ನೋಡಿ. ಬಿಸಿ ಹೊಗೆ ಮತ್ತು ಉಪ್ಪು ನೀರು ಸೇರುವ ಜಾಗ ಅದು, ಒಳಗೋಡೆ ತೂತಾಗುವುದು ಅಥವಾ ಕಾರ್ಬನ್ ಕಟ್ಟಿ ದಾರಿ ಸಣ್ಣದಾಗುವುದು ಮಾಮೂಲು.

ಇಲ್ಲೇ ಇನ್ನೊಂದು ಮಾತು. ಎಕ್ಸಾಸ್ಟ್ ಜಾಯಿಂಟ್‌ಗಳ ಸುತ್ತ ಕರಿ ಗೆರೆ ಕಂಡರೆ ಅಲ್ಲಿ ಹೊಗೆ ಸೋರುತ್ತಿದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇಂಜಿನ್ ರೂಮಿಗೆ ಅಂಟಿಕೊಂಡೇ ಜನ ಮಲಗುವ ಕ್ಯಾಬಿನ್ ಇರುತ್ತದೆ ಅಲ್ವಾ? ಬೆಳಿಗ್ಗೆ ಎಲ್ಲರಿಗೂ ತಲೆನೋವು, ವಾಕರಿಕೆ ಅಂದರೆ ಸಮುದ್ರ ಜೋರಿತ್ತು ಅಂದುಕೊಂಡು ಸುಮ್ಮನಾಗಬೇಡಿ. ಜನರೇಟರ್ ನಿಲ್ಲಿಸಿ, ಎಲ್ಲರನ್ನೂ ಮೇಲೆ ಗಾಳಿಗೆ ಕರೆತನ್ನಿ. ಆ ಸೋರಿಕೆ ಸರಿಯಾಗುವವರೆಗೆ ಅಲ್ಲಿ ಯಾರೂ ಮಲಗಬಾರದು.

ಡೀಸೆಲ್ ಒಳಗಿನ ನೀರು

ಡೀಸೆಲ್ ನೀರಿಗಿಂತ ಹಗುರ, ನೀರು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಅಲೆಗೆ ಬೋಟು ಕುಲುಕಿದಾಗ ಅದೇ ನೀರು, ತಳದ ಕೊಳೆಯ ಜೊತೆ, ಪೈಪಿಗೆ ಬರುತ್ತದೆ. ದಕ್ಕೆಯಲ್ಲಿ ಚೆನ್ನಾಗಿ ಓಡಿದ ಜನರೇಟರ್ ಹೊರಗೆ ಹೋದ ಮೇಲೆ ಕೈ ಕೊಡುವುದಕ್ಕೆ ಇದೇ ಮುಖ್ಯ ಕಾರಣ.

ಟ್ಯಾಂಕಿನಿಂದ ಬರುವ ಲೈನಿನಲ್ಲಿ ವಾಟರ್ ಸೆಪರೇಟರ್ ಇಲ್ಲದಿದ್ದರೆ ಹಾಕಿಸಿ. ಇದ್ದರೆ ಪ್ರತಿ ದಿನ, ಸ್ಟಾರ್ಟ್ ಮಾಡುವ ಮೊದಲು, ತಳದ ಪ್ಲಗ್ ಸಡಿಲಿಸಿ ಸ್ವಲ್ಪ ಡೀಸೆಲ್ಲನ್ನು ಪಾರದರ್ಶಕ ಬಾಟಲಿಗೆ ಹಿಡಿಯಿರಿ. ಐದು ನಿಮಿಷ ಬಿಟ್ಟು ಬೆಳಕಿಗೆ ಹಿಡಿದು ನೋಡಿ. ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ ಕಾಣುತ್ತದೆ. ಎರಡರ ನಡುವೆ ಕಂದು ಲೋಳೆ ಕಂಡರೆ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿ ಬೆಳೆದಿದೆ ಅಂತ ಅರ್ಥ. ಆಗ ಫಿಲ್ಟರ್ ಮೇಲೆ ಫಿಲ್ಟರ್ ಬದಲಿಸಿ ಉಪಯೋಗವಿಲ್ಲ, ಟ್ಯಾಂಕ್ ಖಾಲಿ ಮಾಡಿ ಒಳಗೆ ಉಜ್ಜಿಸಬೇಕು.

ನೀರು ಬರುವ ಜಾಗಗಳು: ಡೆಕ್ ಮೇಲಿನ ಡೀಸೆಲ್ ಮುಚ್ಚಳದ ಸವೆದ ವಾಷರ್, ಅಲೆ ಹೊಡೆಯುವ ಕಡೆ ಮುಖ ಮಾಡಿದ ಏರ್ ಪೈಪ್, ಮಳೆಯಲ್ಲಿ ನಿಂತ ಕ್ಯಾನು. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಒಳಗೋಡೆಯ ಮೇಲೆ ಹನಿ ಕಟ್ಟಿ ಇಳಿಯುವುದೂ ಉಂಟು. ಹೆಚ್ಚು ದಿನ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ.

ಫಿಲ್ಟರ್ ಬದಲಿಸಿದ ಮೇಲೆ ಏರ್ ತೆಗೆಯಲೇಬೇಕು. ಸೆಪರೇಟರ್‌ನಿಂದ ಶುರು ಮಾಡಿ ಇಂಜಿನ್ ಕಡೆಗೆ ಹೋಗಿ. ಬ್ಲೀಡ್ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪು ಒತ್ತುತ್ತಾ ಇರಿ, ಗುಳ್ಳೆ ನಿಂತು ಬರೀ ಡೀಸೆಲ್ ಬಂದ ಮೇಲೆ ಬಿಗಿ ಮಾಡಿ, ಮುಂದಿನ ಸ್ಕ್ರೂಗೆ ಹೋಗಿ. ಆದರೂ ಹಿಡಿಯದಿದ್ದರೆ ನಾಝಲ್ ಕಡೆಯ ಪೈಪಿನ ನಟ್ ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ, ಡೀಸೆಲ್ ಜಿನುಗಿದ ಕೂಡಲೇ ಬಿಗಿ ಮಾಡಿ. ಆ ಪೈಪಿನ ಸೋರಿಕೆಯನ್ನು ಬೆರಳಿಟ್ಟು ನೋಡಬೇಡಿ. ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಆಮೇಲೆ ಆಸ್ಪತ್ರೆಯೇ ಗತಿ. ಸೆಲ್ಫ್ ಹೊಡೆಯುವ ಈ ಹೊತ್ತಿನಲ್ಲಿ ಸೀ ಕಾಕ್ ಬಂದ್ ಇದೆ ತಾನೇ?

ಆಯಿಲ್ ಮತ್ತು ಲೋಡ್

ಆಯಿಲ್ ಬದಲಿಸುವುದನ್ನು ತಿಂಗಳ ಲೆಕ್ಕದಲ್ಲಿ ಇಡಬೇಡಿ, ಗಂಟೆಯ ಲೆಕ್ಕದಲ್ಲಿ ಇಡಿ. ಬಹಳಷ್ಟು ಸಣ್ಣ ಸೆಟ್‌ಗಳಿಗೆ 100ರಿಂದ 250 ಗಂಟೆಯ ಒಳಗೆ ಹೇಳಿರುತ್ತಾರೆ, ಹೊಸದಾದರೆ ಮೊದಲ ಸಲ 50 ಗಂಟೆಗೆ. ದಿನಕ್ಕೆ 12 ಗಂಟೆ ಓಡುವ ಸೆಟ್ 250 ಗಂಟೆಯನ್ನು ಮೂರೇ ವಾರದಲ್ಲಿ ಮುಗಿಸುತ್ತದೆ, ಅಂದರೆ ಎರಡು ಟ್ರಿಪ್ಪಿಗೆ. ಸಾಮಾನ್ಯವಾಗಿ 15ಡಬ್ಲ್ಯು-40 ಆಯಿಲ್ ಸಾಕು. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿದರೆ ಎಲ್ಲರೂ ಗಮನಿಸುತ್ತಾರೆ, ಏರಿದರೆ ಯಾರೂ ಗಮನಿಸುವುದಿಲ್ಲ. ಏರಿದೆ ಅಂದರೆ ಒಳಗೆ ಡೀಸೆಲ್ ಅಥವಾ ನೀರು ಸೇರುತ್ತಿದೆ. ಬಿಳಿಚಿ ನೊರೆಯಾಗಿದ್ದರೆ ನೀರು, ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ ಡೀಸೆಲ್. ಎರಡರಲ್ಲೂ ಓಡಿಸಬೇಡಿ. ಹಳೇ ಆಯಿಲ್ ಕ್ಯಾನಿಗೆ ತುಂಬಿ ದಡಕ್ಕೆ ತನ್ನಿ, ನೀರಿಗೆ ಸುರಿಯಬೇಡಿ. ಹೊಟ್ಟೆ ತುಂಬಿಸುವ ಸಮುದ್ರ ಅದು.

ಲೋಡ್ ವಿಷಯದಲ್ಲಿ ನಮ್ಮವರ ನಂಬಿಕೆ ಉಲ್ಟಾ ಇದೆ. ಲೋಡ್ ಕಮ್ಮಿ ಇದ್ದಷ್ಟೂ ಜನರೇಟರ್‌ಗೆ ಆರಾಮ ಅಂದುಕೊಳ್ಳುತ್ತಾರೆ. 10 ಕೆವಿಎ ಸೆಟ್ ಸುಮಾರು 8 ಕಿಲೋವ್ಯಾಟ್ ಕೊಡುತ್ತದೆ. ಅದರಲ್ಲಿ ನಾಲ್ಕು ಎಲ್‌ಇಡಿ ಬಲ್ಬು, ಒಂದು ಮೊಬೈಲ್ ಚಾರ್ಜರ್ ಹಾಕಿ ರಾತ್ರಿಯಿಡೀ ಓಡಿಸಿದರೆ ಸಿಲಿಂಡರ್ ಸಾಕಷ್ಟು ಬಿಸಿಯಾಗುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ, ನಾಝಲ್‌ಗೆ ಕಾರ್ಬನ್ ಕಟ್ಟುತ್ತದೆ, ಎಕ್ಸಾಸ್ಟ್‌ನಲ್ಲಿ ಕರಿ ಜಿಡ್ಡು ಒಸರುತ್ತದೆ. ಕನಿಷ್ಠ ಮೂರನೇ ಒಂದು ಭಾಗ ಲೋಡ್ ಇರಲಿ, ಅರ್ಧದಿಂದ ಮುಕ್ಕಾಲು ಇದ್ದರೆ ಇನ್ನೂ ಒಳ್ಳೆಯದು. ಬ್ಯಾಟರಿ ಚಾರ್ಜ್, ಫ್ರೀಜರ್, ಪಂಪು ಎಲ್ಲವನ್ನೂ ಒಟ್ಟಿಗೆ ಎರಡು ಮೂರು ಗಂಟೆ ಓಡಿಸಿ ನಿಲ್ಲಿಸಿ, ಉಳಿದ ರಾತ್ರಿಗೆ ಬ್ಯಾಟರಿ ಸಾಕು. ಹೊಸದು ತೆಗೆದುಕೊಳ್ಳುವಾಗ ದೊಡ್ಡದಿರಲಿ ಬಿಡಿ ಅನ್ನುವ ಅಂಗಡಿಯವರ ಮಾತು ಇದೇ ಕಾರಣಕ್ಕೆ ಕೇಳಬೇಡಿ. ದೊಡ್ಡ ಜನರೇಟರ್ ಇಟ್ಟು ಲೈಟ್ ಹಾಕಿ ಮೀನು ಹಿಡಿಯುವ ಆಲೋಚನೆ ಇದ್ದರೆ, ಅದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ.

ನಿಲ್ಲಿಸುವ ಮೊದಲು ಲೋಡ್ ತೆಗೆದು ನಾಲ್ಕೈದು ನಿಮಿಷ ಖಾಲಿ ಓಡಿಸಿ. ಲೈಟು ಡಿಮ್ ಆಯಿತು ಅಂತ ಇಂಜಿನ್ ವೇಗ ಹಿಡಿದಿಡುವ ಗವರ್ನರ್‌ನ ಸ್ಕ್ರೂ ತಿರುಗಿಸಬೇಡಿ. 1500 ಆರ್‌ಪಿಎಂ ಸೆಟ್ ಆ ವೇಗದಲ್ಲೇ 50 ಹರ್ಟ್ಸ್ ಕೊಡುವುದು. ಮೆಕ್ಯಾನಿಕಲ್ ಗವರ್ನರ್ ಇದ್ದರೆ ಖಾಲಿ ಇರುವಾಗ 52ರ ಆಸುಪಾಸು, ಫುಲ್ ಲೋಡ್‌ಗೆ 50 ಬರುವುದು ಸಹಜ. ಹರ್ಟ್ಸ್ ಸರಿ ಇದ್ದು ವೋಲ್ಟೇಜ್ ಮಾತ್ರ ಕಮ್ಮಿ ಅಂದರೆ ತೊಂದರೆ ಎವಿಆರ್ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಇಡುವ ಸರ್ಕ್ಯೂಟ್), ಬ್ರಷ್ ಅಥವಾ ಕೆಪಾಸಿಟರ್ ಕಡೆ ಇದೆ.

ವೈಂಡಿಂಗ್ ಮೇಲಿನ ಉಪ್ಪು

ಆಲ್ಟರ್ನೇಟರ್ ತನ್ನ ಫ್ಯಾನಿನಿಂದ ಇಂಜಿನ್ ರೂಮಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಎಲ್ಲೋ ಒಂದು ಹೋಸ್ ಸಣ್ಣಗೆ ಸೋರಿ ಬೆಲ್ಟಿಗೆ ಬಿದ್ದರೆ, ಆ ಬೆಲ್ಟು ಅದನ್ನು ಮಂಜಿನ ಹಾಗೆ ಹಾರಿಸಿ ನೇರ ವೈಂಡಿಂಗ್‌ಗೆ ಕಳಿಸುತ್ತದೆ. ಮೊದಲು ಸೋರಿಕೆ ನಿಲ್ಲಿಸಿ. ಉಪ್ಪು ಗಾಳಿಯ ತೇವವನ್ನು ಎಳೆದು ಹಿಡಿದುಕೊಳ್ಳುವುದರಿಂದ ಬಿಸಿಲಲ್ಲೂ ಅದು ಪೂರ್ತಿ ಒಣಗುವುದಿಲ್ಲ.

ಸೀಸನ್ ಶುರುವಿನಲ್ಲಿ ಎಲೆಕ್ಟ್ರಿಷಿಯನ್‌ಗೆ ಹೇಳಿ 500 ವೋಲ್ಟಿನ ಮೆಗ್ಗರ್ (ವೈಂಡಿಂಗ್ ಎಲ್ಲಾದರೂ ಕರೆಂಟ್ ಸೋರುತ್ತಿದೆಯಾ ಅಂತ ತೋರಿಸುವ ಮೀಟರ್) ಹಾಕಿಸಿ. ಅದಕ್ಕೂ ಮೊದಲು ಎವಿಆರ್ ವೈರು ಬಿಚ್ಚಿರಬೇಕು, ಇಲ್ಲದಿದ್ದರೆ ಎವಿಆರ್ ಹೋಗುತ್ತದೆ. 1 ಮೆಗಾ ಓಮ್‌ಗಿಂತ ಕೆಳಗೆ ತೋರಿಸಿದರೆ ಲೋಡ್ ಕೊಡಬೇಡಿ. ಉಪ್ಪು ನೀರೇ ಬಿದ್ದಿದ್ದರೆ ಸಿಹಿನೀರಿನಲ್ಲಿ ತೊಳೆದು, ಬಿಸಿ ಗಾಳಿ ಬಿಟ್ಟು ಒಣಗಿಸಿ, ಮತ್ತೆ ಮೆಗ್ಗರ್ ಹಾಕಿ ನೋಡಬೇಕು. ಟರ್ಮಿನಲ್ ಬಾಕ್ಸಿನ ನಟ್‌ಗಳು ನಡುಕಕ್ಕೆ ಸಡಿಲವಾಗುತ್ತವೆ, ಒಂದೊಂದನ್ನೂ ಬಿಗಿ ಮಾಡಿ. ಇಲ್ಲಿ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದಿಡಿ, ಯಾರೋ ಮೇಲಿಂದ ಸೆಲ್ಫ್ ಹೊಡೆದುಬಿಡಬಾರದು. ಬೋಟಿನಲ್ಲಿ ಒದ್ದೆ ಕಾಲಿನಲ್ಲೇ ಎಲ್ಲರೂ ಓಡಾಡುವುದು, ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸದೆ 230 ವೋಲ್ಟ್ ಲೈನ್ ಎಳೆಯಲೇಬೇಡಿ.

ಜೂನ್, ಜುಲೈ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ರಜೆ. 61 ದಿನ ಉಪ್ಪು ನೀರು ತುಂಬಿಕೊಂಡು ಸುಮ್ನೆ ನಿಂತ ಜನರೇಟರ್, ಓಡುವ ಜನರೇಟರ್‌ಗಿಂತ ಬೇಗ ಹಾಳಾಗುತ್ತದೆ.

ಬೋಟು ಕಟ್ಟಿದ ದಿನವೇ ಆಯಿಲ್ ಬದಲಿಸಿ, ಆಗಸ್ಟಿಗೆ ಅಂತ ಇಡಬೇಡಿ. ಓಡಿದ ಆಯಿಲ್‌ನಲ್ಲಿ ಆಮ್ಲದ ಅಂಶ ಸೇರಿರುತ್ತದೆ, ಅದು ಎರಡು ತಿಂಗಳು ಬೇರಿಂಗ್ ಮೇಲೆ ಕೂರಬಾರದು. ಆಮೇಲೆ ಪಂಪಿನ ಎಳೆಯುವ ಹೋಸನ್ನು ಸಿಹಿನೀರಿನ ಡ್ರಮ್ಮಿಗೆ ಇಳಿಸಿ, ಇಂಜಿನ್ ಓಡಿಸಿ ಡ್ರಮ್ ಖಾಲಿಯಾಗುವ ಸ್ವಲ್ಪ ಮೊದಲು ನಿಲ್ಲಿಸಿ. ನಲ್ಲಿಯ ಪೈಪನ್ನು ನೇರ ಜೋಡಿಸಬೇಡಿ. ಇಂಜಿನ್ ನಿಂತಿದ್ದಾಗ ನಲ್ಲಿಯ ಒತ್ತಡಕ್ಕೆ ಎಕ್ಸಾಸ್ಟ್ ತುಂಬಿ, ಮೇಲೆ ಹೇಳಿದ ಕಥೆಯೇ ಆಗುತ್ತದೆ. ಇಂಪೆಲ್ಲರ್ ತೆಗೆದು ಒಳಗಿಡಿ, ಬಾಗಿದ ರೆಕ್ಕೆ ಹಾಗೇ ಸೆಟೆದುಕೊಳ್ಳಬಾರದು. ಏರ್ ಫಿಲ್ಟರ್ ಬಾಯಿ, ಎಕ್ಸಾಸ್ಟ್ ಬಾಯಿ ಎರಡಕ್ಕೂ ಬಟ್ಟೆ ತುರುಕಿ, ಹಾಗೆ ತುರುಕಿದ್ದೇವೆ ಅಂತ ಒಂದು ಚೀಟಿ ಬರೆದು ಕೀಗೆ ಕಟ್ಟಿ. ಬ್ಯಾಟರಿ ಮನೆಗೆ ಒಯ್ದು 12.6 ವೋಲ್ಟ್ ಇರುವ ಹಾಗೆ ಆಗಾಗ ಚಾರ್ಜ್ ಮಾಡಿ. ಹದಿನೈದು ದಿನಕ್ಕೊಮ್ಮೆ ಹೋಗಿ ಇಂಜಿನ್ ಕೈಯಲ್ಲಿ ಒಂದೆರಡು ಸುತ್ತು ತಿರುಗಿಸಿ ಬನ್ನಿ, ಬಿಲ್ಜ್‌ನಲ್ಲಿ ಮಳೆನೀರು ಎಷ್ಟಿದೆ ಅಂತಲೂ ನೋಡಿದಂತಾಗುತ್ತದೆ.

ಆಗಸ್ಟಿನ ಮೊದಲ ಟ್ರಿಪ್ಪಿಗೆ ಹೊರಡುವ ಮೊದಲು ದಕ್ಕೆಯಲ್ಲೇ ಒಂದೆರಡು ಗಂಟೆ ಲೋಡ್ ಕೊಟ್ಟು ಓಡಿಸಿ. ಟೂಲ್ ಬಾಕ್ಸಿನಲ್ಲಿ ಇವಿಷ್ಟು ಇರಲೇಬೇಕು: ಎರಡು ಇಂಪೆಲ್ಲರ್ ಮತ್ತು ಗಾಸ್ಕೆಟ್, ಎರಡು ಸೆಟ್ ಡೀಸೆಲ್ ಫಿಲ್ಟರ್, ಒಂದು ಆಯಿಲ್ ಫಿಲ್ಟರ್, ಒಂದು ಸಲ ಬದಲಿಸುವಷ್ಟು ಆಯಿಲ್, ಬೆಲ್ಟು, ಜಿಂಕ್, ಬ್ಲೀಡ್ ಸ್ಕ್ರೂನ ತಾಮ್ರದ ವಾಷರ್, ಹೋಸ್ ಕ್ಲಿಪ್, ಫ್ಯೂಸು. ಇಂಪೆಲ್ಲರ್‌ನ ಪಾರ್ಟ್ ನಂಬರನ್ನು ಪಂಪಿನ ಪಕ್ಕದ ಗೋಡೆಯ ಮೇಲೆ ಪೇಂಟಿನಲ್ಲಿ ಬರೆದಿಡಿ. ಬೇರೆ ಬಂದರಿಗೆ ಹೋಗಿ ನಿಂತಾಗ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ ಅದೇ.